ಪಂಪು ಬಿಚ್ಚೋಕೆ ಮುಂಚೆ ಒಂದ್ ಮಾತು

ಗಾಡಿ ದಾರೀಲಿ ಆಫ್ ಆತು ಅಂದ್ರೆ ಸಾಕು, "ಪಂಪು ಹೋಗೈತೆ" ಅಂದುಬಿಡೋದು ನಮ್ ಕಡೆ ರೂಢಿ ಆಗೈತೆ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು, ಎಲ್ಲಿ ಹೋದ್ರೂ ಇದೇ ಮಾತು. ಹಳೇ ಡೀಸೆಲ್ ಜೀಪು, ಟ್ರ್ಯಾಕ್ಸು, ಸುಮೋ ಇನ್ನೂ ನಮ್ ಮನೆಗಳ ಮುಂದೆ ನಿಂತಿದಾವೆ. ಅಡಿಕೆ ಮೂಟೆನೂ ಅದ್ರಾಗೇ, ಮದುವೆ ದಿಬ್ಬಣನೂ ಅದ್ರಾಗೇ, ಬಸುರಿ ಹುಡುಗೀನ ಆಸ್ಪತ್ರೆಗೆ ಕರ್ಕೊಂಡು ಹೋಗೋದೂ ಅದ್ರಾಗೇ. ಪಂಪು ಬಿಚ್ಚಿಸಿದ ಬಿಲ್ಲು ಬಂದಾಗ ಮಾತ್ರ ನಮ್ಮ ಸಂಘದ ಸಾಲ, ಬೀರುವಿನಾಗಿನ ಬಂಗಾರ ನೆನಪಾಗ್ತೈತೆ. ಹಂಗಿದ್ಮೇಲೆ "ಗಾಡಿ ವಿಷ್ಯ ಹೆಂಗಸ್ರಿಗ್ಯಾಕೆ" ಅನ್ನೋದನ್ನ ನಾನಂತೂ ಒಪ್ಪಲ್ಲ.

ಡೀಸೆಲ್ ಇಂಜಿನ್ನಿಗೆ ಪೆಟ್ರೋಲ್ ಗಾಡಿ ಹಂಗೆ ಕಿಡಿ ಹಾರಿಸೋ ಪ್ಲಗ್ ಇರಲ್ಲ. 1897ರಲ್ಲಿ ಜರ್ಮನಿಯ ರುಡಾಲ್ಫ್ ಡೀಸೆಲ್ ಓಡಿಸಿ ತೋರಿಸಿದ ತತ್ವ ಇವತ್ತಿಗೂ ಅದೇ: ಗಾಳೀನ ಜೋರಾಗಿ ಒತ್ತಿದ್ರೆ ಕಾಯ್ತೈತೆ, ಕಾದ ಗಾಳಿಗೆ ಎಣ್ಣೆ ಚಿಮ್ಮಿದ್ರೆ ಉರಿತೈತೆ. ಚೆನ್ನಾಗಿ ಓಡ್ತಿದ್ದ ಗಾಡಿ ಆಫ್ ಆಗಿ, ಸ್ವಲ್ಪ ಹೊತ್ತಿಗೆ ಮತ್ತೆ ಸ್ಟಾರ್ಟ್ ಆತು ಅಂದ್ರೆ ಮೊದ್ಲು ನೋಡಬೇಕಾದ್ದು ಎಣ್ಣೆ ಬರೋ ದಾರಿ. ತೋಟದ ಮೋಟ್ರು ನೀರು ಎತ್ತದಿದ್ರೆ ಪೈಪಿನಾಗೆ ಏರ್ ಹಿಡಿದೈತಾ, ಫುಟ್‌ವಾಲ್ವಿಗೆ ಕಸ ಕಟ್ಟೈತಾ ಅಂತ ನೋಡ್ತೀವಿ, ಮೋಟ್ರು ಬಿಚ್ಚಿ ಹಾಕ್ತೀವಾ? ಗಾಡಿಗೂ ಅದೇ ನ್ಯಾಯ.

ಗಾಡಿ ಯಾವಾಗ ಆಫ್ ಆಗ್ತೈತೆ ಅನ್ನೋದ್ರಾಗೇ ಅರ್ಧ ಉತ್ತರ ಐತೆ. ತೀರ್ಥರಾಮೇಶ್ವರದ ಗುಡ್ಡ ಹತ್ತುವಾಗ ಸೋತು ನಿಂತು, ಸಮ ರಸ್ತೇಲಿ ಸರಿ ಓಡಿದ್ರೆ ಫಿಲ್ಟರೋ ಟ್ಯಾಂಕಿನ ಜಾಲರಿಯೋ ಕಟ್ಟಿರಬೋದು. ರಾತ್ರಿ ನಿಂತ ಗಾಡಿ ಬೆಳಿಗ್ಗೆ ಸ್ಟಾರ್ಟ್ ಆಗಿ ತಕ್ಷಣ ಆಫ್ ಆದ್ರೆ ಯಾವುದೋ ಪೈಪು ಬಿರುಕು ಬಿಟ್ಟು, ಇಲ್ಲಾ ಕ್ಲಿಪ್ಪು ಸಡಿಲಾಗಿ ಏರ್ ಎಳೀತಿರ್ತೈತೆ. ಟ್ಯಾಂಕಿನ ಮುಚ್ಚಳ ತೆಗೆದಾಗ ಗಾಳಿ ಸುಯ್ ಅಂತ ಒಳಗೆ ಹೋಗಿ, ಆಮೇಲೆ ಗಾಡಿ ಓಡಿದ್ರೆ ಮುಚ್ಚಳದ ಗಾಳಿ ತೂತು ಮುಚ್ಚೈತೆ ಅಂತ ಅರ್ಥ. ಜಗಳೂರು ಕಡೆ ಗುಂಡಿ ರಸ್ತೇಲಿ ಕುಲುಕಿದಾಗ ಕೀ ತಿರುಗಿಸಿದಂಗೆ ಟಪ್ ಅಂತ ನಿಂತ್ರೆ, ಪಂಪಿಗೆ ಎಣ್ಣೆ ಬಿಡೋ ಸ್ವಿಚ್ಚಿನ ವೈರು ನೋಡಿಸ್ರಿ. ನೀರು ಡೀಸೆಲ್ಲಿಗಿಂತ ಭಾರ, ತಳದಾಗೆ ಕೂರ್ತೈತೆ. ಮಳೆಗಾಲದಾಗೆ ಫಿಲ್ಟರಿನ ಕೆಳಗಿನ ತಿರುಪು ಸಡಿಲಿಸಿ ಅದನ್ನ ಬಿಡಿಸಬೇಕು.

"ಮೂವತ್ತು ವರ್ಷದ ಮೇಸ್ತ್ರಿ, ಸದ್ದು ಕೇಳೇ ಹೇಳ್ತಾನೆ" ಅಂತೀರಿ. ಸರಿ, ಅವರ ಅನುಭವಕ್ಕೆ ಕೈ ಮುಗಿತೀನಿ. ಆದ್ರೆ ಒಂದೊಂದ್ಸಲ ಬರೋ ತೊಂದರೆ ಗ್ಯಾರೇಜಿನಾಗೆ ಬರಲ್ಲ, ನಮ್ಮ ದಾರೀಲಿ ಬರ್ತೈತೆ. ಅಲ್ಲಿ ಕೂತಿರೋರು ನಾವು. ಹಾಲಿನ ಲೆಕ್ಕ ಬರೆಯೋ ಪುಸ್ತಕದಾಗೇ ಒಂದು ಪುಟ ಇಡ್ರಿ: ತಾರೀಖು, ಎಷ್ಟು ಕಿಲೋಮೀಟರ್ ಓಡಿತ್ತು, ಡೀಸೆಲ್ ಎಷ್ಟಿತ್ತು, ಏರೋ ಇಳಿಜಾರೋ, ಹೊಗೆ ಯಾವ ಬಣ್ಣ, ಮತ್ತೆ ಹೆಂಗೆ ಸ್ಟಾರ್ಟ್ ಆತು. ನಾಕು ಸಲ ಬರೆದ್ರೆ ಮೇಸ್ತ್ರಿಗೂ ದಾರಿ ಕಾಣ್ತೈತೆ.

ಪಂಪು ಕೆಡೋದೇ ಇಲ್ಲ ಅಂತ ನಾನು ಹೇಳ್ತಿಲ್ಲ. ಸವೆದ ಪಂಪು ಇಂಜಿನ್ ಕಾದಾಗ ಸ್ಟಾರ್ಟ್ ಆಗೋಕೆ ಸತಾಯಿಸ್ತೈತೆ, ಆಗ ಖರ್ಚು ಮಾಡ್ಲೇಬೇಕು. ಅದಕ್ಕೆ ಮುಂಚೆ ಗ್ಯಾರೇಜಿನಾಗೆ, ಗಾಡಿ ನಿಂತಲ್ಲೇ, ಶುದ್ಧ ಡೀಸೆಲ್ ಕ್ಯಾನಿನಿಂದ ಪಂಪಿಗೆ ನೇರ ಪೈಪು ಕೊಟ್ಟು ಓಡಿಸಿ ನೋಡ್ಲಿ. ತೊಂದರೆ ನಿಂತ್ರೆ ತಪ್ಪು ಪಂಪಿಂದಲ್ಲ, ಅದಕ್ಕಿಂತ ಹಿಂದಿಂದು.

ಸಣ್ಣದು ಅಂತ ಮುಂದೂಡೋದೂ ಸಲ್ಲ. ಇಂಜಿನ್ ನಿಂತ್ರೆ ಬ್ರೇಕಿನ ಬಲ ಕಮ್ಮಿ ಆಗಿ ಪೆಡಲ್ ಕಲ್ಲಿನಂಗೆ ಆಗ್ತೈತೆ, ಪವರ್ ಸ್ಟೇರಿಂಗ್ ಇದ್ರೆ ಅದೂ ಬಿಗಿ ಆಗ್ತೈತೆ. ಕಾರಣ ಸಿಗೋವರೆಗೂ ಆ ಗಾಡೀಲಿ ಮಕ್ಕಳನ್ನ ಕಳಿಸಬ್ಯಾಡ್ರಿ.

ಅಕ್ಕತಂಗ್ಯೇರೇ, ದುಡ್ಡು ಎಣಿಸಿ ಕೊಡೋಕೆ ಮುಂಚೆ ಎರಡು ಪ್ರಶ್ನೆ ಕೇಳ್ರಿ: "ಯಾವ ಪರೀಕ್ಷೆ ಮಾಡಿ ಇದು ಕೆಟ್ಟೈತೆ ಅಂದ್ರಿ? ಬಿಚ್ಚಿದ ಹಳೇ ಸಾಮಾನು ಎಲ್ಲಿ?" ಉತ್ತರ ಬರೋವರೆಗೂ ಪರ್ಸು ತೆಗೀಬ್ಯಾಡ್ರಿ.