ಕಾನೂನು ಮತ್ತು ನೀವು: ಡಾಕ್ಟರ್ ಮಗಳು ರುಜು ಹಾಕುವ ಮುನ್ನ

ಮಗಳು ಎಂ.ಬಿ.ಬಿ.ಎಸ್. ಆದಳು, ಎಂ.ಡಿ.ಯೂ ಮುಗಿಯಿತು. ಬೆಂಗಳೂರಿನಲ್ಲೋ ಹುಬ್ಬಳ್ಳಿಯಲ್ಲೋ ಒಂದು ಖಾಸಗಿ ಆಸ್ಪತ್ರೆಯಿಂದ ಕೆಲಸದ ಕಾಗದವೂ ಬಂತು. ಅಪ್ಪ ಮೊದಲು ನೋಡುವುದು ಸಂಬಳದ ಅಂಕಿ. ಅಮ್ಮ ಕಾಗದವನ್ನು ದೇವರ ಮುಂದಿಟ್ಟು ದೀಪ ಹಚ್ಚುತ್ತಾಳೆ. ಆದರೆ ಅಷ್ಟು ಪುಟದ ಇಂಗ್ಲಿಷನ್ನು ಪೂರ್ತಿ ಓದುವವರು ಯಾರು? ಮಗಳಿಗೂ ಪುರುಸೊತ್ತಿಲ್ಲ. "ಎಲ್ಲರೂ ಇದಕ್ಕೇ ರುಜು ಹಾಕ್ತಾರಂತೆ ಅಮ್ಮಾ" ಅಂತ ಹಾಕಿಯೇ ಬಿಡುತ್ತಾಳೆ.

ಸೋದರಿಯರೇ, ಮನೆ ಬಾಡಿಗೆಗೆ ಹಿಡಿಯುವಾಗ ಅಡ್ವಾನ್ಸ್ ಎಷ್ಟು, ಖಾಲಿ ಮಾಡುವಾಗ ಸುಣ್ಣಬಣ್ಣಕ್ಕೆಂದು ಎಷ್ಟು ಮುರಿದುಕೊಳ್ಳುತ್ತಾರೆ ಅಂತ ಕೆದಕಿ ಕೇಳುವವರು ನೀವೇ ತಾನೆ? ಅದೇ ಜಾಣತನ ಇಲ್ಲೂ ಬೇಕು. ಸಂಬಳಕ್ಕಿಂತ ಮೊದಲು ಎರಡು ಸಂಗತಿ ನೋಡಿ. ಕಾಗದದಲ್ಲಿ ಮಗಳನ್ನು ಏನೆಂದು ಕರೆದಿದ್ದಾರೆ? ಅವಳು ಕೆಲಸ ಬಿಟ್ಟು ಹೊರಡುವಾಗ ಏನಾಗುತ್ತದೆ?

ನೌಕರಳೋ, ಕನ್ಸಲ್ಟೆಂಟೋ?

ಆಸ್ಪತ್ರೆಗಳು ವೈದ್ಯರನ್ನು ಎರಡು ಬಗೆಯಲ್ಲಿ ತೆಗೆದುಕೊಳ್ಳುತ್ತವೆ. ಒಂದು, ಸಂಬಳದ ನೌಕರಿ. ಇನ್ನೊಂದು, 'ಕನ್ಸಲ್ಟೆಂಟ್' ಎಂಬ ಹೆಸರಿನ ಕರಾರು. ಎರಡನೆಯದರಲ್ಲಿ ಬರುವುದು ಸಂಬಳವಲ್ಲ, ವೃತ್ತಿ ಶುಲ್ಕ. ಅದರಲ್ಲಿ ಸಾಮಾನ್ಯವಾಗಿ ಶೇಕಡಾ 10ರಷ್ಟು ತೆರಿಗೆ ಮುರಿದುಕೊಂಡು ಉಳಿದದ್ದನ್ನು ಕೊಡುತ್ತಾರೆ. ಪ್ರಾವಿಡೆಂಟ್ ಫಂಡ್ ಇರುವುದಿಲ್ಲ. ಸಂಬಳದ ರಜೆಯೂ ಕರಾರಿನಲ್ಲಿ ಬರೆದಿದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ಅನೇಕ ಕಡೆ ಮೊದಲ ಕೆಲವು ತಿಂಗಳು 'ಮಿನಿಮಮ್ ಗ್ಯಾರಂಟಿ' ಅಂತ ಒಂದು ಮೊತ್ತ ಕೊಟ್ಟು, ಆಮೇಲೆ ನೋಡಿದ ರೋಗಿಗಳ ಲೆಕ್ಕದಲ್ಲಿ ಪಾಲು ಕೊಡುತ್ತಾರೆ. ಆಗ ಮೊದಲ ತಿಂಗಳ ಅಂಕಿಯನ್ನೇ ನಂಬಿ ಮನೆಸಾಲದ ಕಂತು ಕಟ್ಟಲು ಹೊರಟರೆ ಕಷ್ಟ.

ಇದಕ್ಕಿಂತ ದೊಡ್ಡ ಪೆಟ್ಟು ಬೀಳುವುದು ಹೆರಿಗೆಯ ಹೊತ್ತಿಗೆ. ನೌಕರಿಯಲ್ಲಿರುವ ಹೆಂಗಸಿಗೆ ಮೊದಲ ಎರಡು ಮಕ್ಕಳಿಗೆ 12 ವಾರವಿದ್ದ ಸಂಬಳಸಹಿತ ಹೆರಿಗೆ ರಜೆ 2017ರಲ್ಲಿ 26 ವಾರವಾಯಿತು. ಹೆರಿಗೆಗೆ ಹಿಂದಿನ ಹನ್ನೆರಡು ತಿಂಗಳಲ್ಲಿ 80 ದಿನ ಕೆಲಸ ಮಾಡಿದ್ದರೆ ಸಾಕು. ಆದರೆ ಕನ್ಸಲ್ಟೆಂಟ್ ಅಂತ ರುಜು ಹಾಕಿದವಳಿಗೆ "ನೀವು ನಮ್ಮ ನೌಕರರಲ್ಲವಲ್ಲ, ಡಾಕ್ಟ್ರೇ" ಎಂಬ ಉತ್ತರ ಸಿದ್ಧವಿರುತ್ತದೆ. ಕೋರ್ಟು ಬರೀ ಹೆಸರನ್ನು ನೋಡುವುದಿಲ್ಲ, ಕೆಲಸದ ಹೊತ್ತು, ಹಿಡಿತ ಯಾರ ಕೈಯಲ್ಲಿದೆ ಎಂಬುದನ್ನೂ ನೋಡುತ್ತದೆ, ನಿಜ. ಆದರೆ ಬಾಣಂತಿ ಹಸುಗೂಸನ್ನು ಎತ್ತಿಕೊಂಡು ಕೋರ್ಟು ಅಲೆಯಬೇಕೆ? ಹೊಸದಾಗಿ ಮದುವೆಯಾದ ಮಗಳೋ ಸೊಸೆಯೋ ಇದ್ದರೆ, ಈ ಒಂದು ಸಾಲನ್ನು ಮೊದಲೇ ಹುಡುಕಿಸಿ ಓದಿಸಿ.

ಬಿಟ್ಟು ಹೊರಡುವಾಗ

ಅತ್ತೆಗೆ ಕಾಯಿಲೆ, ಗಂಡನಿಗೆ ವರ್ಗ, ಮಗುವಿನ ಆರೈಕೆ. ಹೆಣ್ಣುಮಕ್ಕಳು ಕೆಲಸ ಬಿಡಲು ಇಂಥ ಕಾರಣಗಳು ಎಷ್ಟಿಲ್ಲ? ಆಗ ಎದುರಾಗುವುದು ಮೂರು ಷರತ್ತು.

ಮೊದಲನೆಯದು ನೋಟೀಸಿನ ಅವಧಿ. ಆಸ್ಪತ್ರೆ ಒಂದು ತಿಂಗಳಲ್ಲಿ ಕಳಿಸಬಹುದು, ಇವಳು ಮಾತ್ರ ಮೂರು ತಿಂಗಳು ಕೊಡಬೇಕು ಅಂತಿದ್ದರೆ ಎರಡೂ ಕಡೆ ಒಂದೇ ಇರಲಿ ಎಂದು ಕೇಳಬಹುದು.

ಎರಡನೆಯದು ಬಾಂಡ್. ಇಷ್ಟು ವರ್ಷಕ್ಕೆ ಮುಂಚೆ ಬಿಟ್ಟರೆ ಇಷ್ಟು ಲಕ್ಷ ಕಟ್ಟಬೇಕು ಎಂಬ ಮಾತು. ಬಾಂಡೆಲ್ಲ ಬರೀ ಬೆದರಿಕೆ ಅಂದುಕೊಳ್ಳಬೇಡಿ. ಆಗಿನ ವಿಜಯಾ ಬ್ಯಾಂಕಿನ ಅಧಿಕಾರಿಯೊಬ್ಬರು ಮೂರು ವರ್ಷಕ್ಕೆ ಮುಂಚೆ ರಾಜೀನಾಮೆ ಕೊಟ್ಟಿದ್ದ ಪ್ರಕರಣದಲ್ಲಿ, 2 ಲಕ್ಷ ರೂಪಾಯಿ ಕಟ್ಟಬೇಕೆಂಬ ಷರತ್ತನ್ನು ಸುಪ್ರೀಂ ಕೋರ್ಟು 2025ರ ಮೇ ತಿಂಗಳಲ್ಲಿ ಎತ್ತಿಹಿಡಿದಿದೆ. ಹಾಗಂತ ಬಾಯಿಗೆ ಬಂದ ಮೊತ್ತವನ್ನು ವಸೂಲು ಮಾಡುವಂತಿಲ್ಲ. 1872ರ ಕರಾರು ಕಾಯಿದೆಯ 74ನೇ ಕಲಮಿನ ಪ್ರಕಾರ ಸಿಗುವುದು ನ್ಯಾಯವಾದ ಪರಿಹಾರ. ಬರೆದ ಮೊತ್ತವೇ ಅದಕ್ಕೆ ಮೇಲಿನ ಮಿತಿ.

ಮೂರನೆಯದು, "ಬಿಟ್ಟ ಮೇಲೆ ಎರಡು ವರ್ಷ ಈ ಊರಲ್ಲಿ ಪ್ರಾಕ್ಟೀಸ್ ಮಾಡಕೂಡದು" ಎಂಬುದು. ಕೆಲಸದಲ್ಲಿರುವಾಗ ಬೇರೆ ಕಡೆ ದುಡಿಯಬೇಡ ಅನ್ನುವುದು ಸರಿ. ಬಿಟ್ಟ ಮೇಲೂ ಹೊಟ್ಟೆಪಾಡಿಗೆ ಅಡ್ಡ ಬರುವ ಷರತ್ತು ಅದೇ ಕಾಯಿದೆಯ 27ನೇ ಕಲಮಿನಂತೆ ಸಾಮಾನ್ಯವಾಗಿ ನಿಲ್ಲುವುದಿಲ್ಲ. ಇಂಥ ಸಾಲು ನೋಡಿ ಗಾಬರಿಯಾಗಿ, ಸ್ವಂತ ಕ್ಲಿನಿಕ್ಕಿನ ಆಸೆಯನ್ನೇ ಬಿಡಬೇಕಾಗಿಲ್ಲ.

ರೋಗಿ ದೂರು ಕೊಟ್ಟರೆ?

ದುಡ್ಡು ಪಡೆದು ಮಾಡುವ ಚಿಕಿತ್ಸೆ ಗ್ರಾಹಕರ ಕಾನೂನಿಗೆ ಒಳಪಡುತ್ತದೆಂದು 1995ರಲ್ಲೇ ಸುಪ್ರೀಂ ಕೋರ್ಟು ಹೇಳಿದೆ. ದೂರು ಕೊಡಲು ಎರಡು ವರ್ಷ ಗಡುವಿದೆ. ಅಂದರೆ ಮಗಳು ಆ ಆಸ್ಪತ್ರೆ ಬಿಟ್ಟ ಮೇಲೂ ನೋಟೀಸು ಬರಬಹುದು. ವೃತ್ತಿ ವಿಮೆಯ ಕಂತು ಕಟ್ಟುವವರು ಯಾರು, ಕೆಲಸ ಬಿಟ್ಟ ಮೇಲೆ ಬಂದ ದೂರಿಗೂ ಆ ವಿಮೆ ಒದಗುತ್ತದೆಯೇ, ಎರಡನ್ನೂ ಕೇಳಿಕೊಳ್ಳಲಿ.

ರುಜುವಿಗೆ ಮುಂಚೆ ಇಷ್ಟು ಮಾಡಿ

• ಕಾಗದವನ್ನು ಎರಡು ದಿನ ಮನೆಗೆ ತರಲು ಹೇಳಿ. ನಿಂತ ಕಾಲಲ್ಲಿ ರುಜು ಬೇಡ.
• ಕೆಲಸದ ಹೊತ್ತು, ರಾತ್ರಿ ಪಾಳಿ, ತುರ್ತು ಕರೆ ವಾರಕ್ಕೆ ಎಷ್ಟೆಂದು ಬರವಣಿಗೆಯಲ್ಲಿರಲಿ.
• ಬಾಯಿಮಾತಿನಲ್ಲಿ ಒಪ್ಪಿದ್ದನ್ನೂ ಬರೆಸಿಕೊಳ್ಳಲಿ. ಒಪ್ಪಿಕೊಂಡ ಮ್ಯಾನೇಜರು ನಾಳೆ ಬೇರೆ ಕಡೆ ಹೋಗಬಹುದು.
• ಪದವಿಯ ಮೂಲ ಪ್ರಮಾಣಪತ್ರ ತೋರಿಸಿ, ನಕಲು ಕೊಟ್ಟು ಬರಲಿ. ಮೂಲವನ್ನು ಅಲ್ಲಿ ಬಿಟ್ಟು ಬರಬಾರದು.
• ಅರ್ಥವಾಗದ ಪುಟವನ್ನು ಪರಿಚಯದ ವಕೀಲರಿಗೆ ತೋರಿಸಿ. ಅವರ ಫೀಜು ಬಾಂಡಿನ ಮೊತ್ತದ ಮುಂದೆ ಏನೇನೂ ಅಲ್ಲ.

ಕೇಳಿದರೆ ಕೆಲಸ ಕೈತಪ್ಪೀತೆಂಬ ಭಯ ಮಗಳಿಗಿದ್ದೀತು. ನಯವಾಗಿ ಪ್ರಶ್ನೆ ಕೇಳಿದ್ದಕ್ಕೇ ಮುಖ ತಿರುಗಿಸುವ ಆಸ್ಪತ್ರೆಯಾದರೆ, ಮುಂದೆ ರಜೆ ಕೇಳಿದಾಗ ಏನು ಮಾಡೀತು ಅಂತ ಅವಳನ್ನೇ ಕೇಳಿ ನೋಡಿ. ಎಲ್ಲ ಸರಿಯಿದ್ದು ರುಜು ಬಿದ್ದ ಮೇಲೆ, ಎರಡೂ ಕಡೆಯ ರುಜುವಿರುವ ಒಂದು ಪ್ರತಿಯನ್ನು ತಪ್ಪದೆ ಪಡೆದು, ಮನೆಪತ್ರ, ಒಡವೆ ರಸೀದಿಗಳ ಜೊತೆ ಬೀರುವಿನಲ್ಲಿ ಭದ್ರವಾಗಿಡಿ.