ಬಡವರ ತಟ್ಟೆಗೆ ಕಾವಲುಗಾರ ಯಾಕೆ?

ಸರ್ಕಾರದ ನೆರವಿನಿಂದ ಊಟ ಮಾಡುವವರು ಏನು ತಿನ್ನಬೇಕು, ಏನು ತಿನ್ನಬಾರದು ಅಂತ ಸರ್ಕಾರವೇ ಹೇಳಬಹುದಾ? ಅಮೆರಿಕದಲ್ಲಿ ಈಗ ಇದೇ ಜಗಳ. ಅಲ್ಲಿ ಸ್ನ್ಯಾಪ್ ಅನ್ನೋ ಯೋಜನೆ ಇದೆ, ಹಿಂದೆ ಫುಡ್ ಸ್ಟ್ಯಾಂಪ್ ಅಂತಿದ್ರು. ಸುಮಾರು 4 ಕೋಟಿ ಜನರ ಕಾರ್ಡಿಗೆ ತಿಂಗಳು ತಿಂಗಳು ದುಡ್ಡು ಬೀಳುತ್ತೆ, ಅದರಲ್ಲಿ ಅಂಗಡಿಯಿಂದ ಆಹಾರ ಪದಾರ್ಥ ಕೊಳ್ಳಬಹುದು. ಮದ್ಯ, ತಂಬಾಕಿಗೆ ಮೊದಲಿಂದಲೂ ಅವಕಾಶ ಇಲ್ಲ. ಈಗ ಕೋಲಾದಂಥ ಸಿಹಿ ಪಾನೀಯ, ಕ್ಯಾಂಡಿಗೂ ಬೇಡ ಅಂತ ಹಲವು ರಾಜ್ಯಗಳು ಹೊರಟಿವೆ. 2025ರಲ್ಲಿ ಮೊದಲು ಅನುಮತಿ ಸಿಕ್ಕಿದ್ದು ನೆಬ್ರಾಸ್ಕಕ್ಕೆ. 2026ರ ಜನವರಿಯಿಂದ ರಾಜ್ಯ ರಾಜ್ಯವಾಗಿ ಜಾರಿಗೆ ಬರ್ತಿದೆ.

ಅಮೆರಿಕದ ಜಗಳ ನಮಗ್ಯಾಕೆ ಅಂತೀರಾ? ಇದೇ ಮಾತು ನಮ್ಮೂರ ಕಟ್ಟೆ ಮೇಲೂ ಇದೆ, ಬ್ಯಾಂಕಿನ ಸಾಲಿನಲ್ಲೂ ಇದೆ. ಕರ್ನಾಟಕದಲ್ಲಿ 2023ರ ಜುಲೈಯಿಂದ ಅನ್ನಭಾಗ್ಯದ 5 ಕೆಜಿ ಅಕ್ಕಿ ಬದಲು ಕೆಜಿಗೆ 34 ರೂಪಾಯಿಯಂತೆ ಒಬ್ಬರಿಗೆ 170 ರೂಪಾಯಿ ಖಾತೆಗೆ ಹಾಕಿದಾಗ, ಗಡಿಯ ಈಚೆ ಇರುವ ನಮ್ಮವರೇ ಎಷ್ಟು ಜನ ಹೇಳಲಿಲ್ಲ, "ದುಡ್ಡು ಕೊಟ್ರೆ ಕುಡಿದು ಹಾಳು ಮಾಡ್ತಾರೆ" ಅಂತ! ಕೌಂಟರ್ ಹಿಂದೆ ಕೂರುವ ನಮ್ಮ ಕಿವಿಗೆ ಇದು ದಿನಾ ಬೀಳುವ ಮಾತು. ಹೇಳುವವರು ಕೆಟ್ಟವರಲ್ಲ, ಲೆಕ್ಕ ನೋಡಿರಲ್ಲ ಅಷ್ಟೇ.

ನಿರ್ಬಂಧ ಬೇಕು ಅನ್ನುವವರ ವಾದವನ್ನ ಸುಮ್ಮನೆ ತಳ್ಳಿಹಾಕೋ ಹಾಗಿಲ್ಲ. ಕೋಲಾದಲ್ಲಿ ಸಕ್ಕರೆ ಬಿಟ್ರೆ ಪೌಷ್ಟಿಕತೆ ಏನೂ ಇಲ್ಲ. ಸಕ್ಕರೆ ಕಾಯಿಲೆ ಈಗ ಕೂಲಿಯವರ ಮನೆಗೂ ಬಂದಿದೆ. ಜನರ ತೆರಿಗೆ ದುಡ್ಡು ಕಾಯಿಲೆ ಕೊಳ್ಳೋಕೆ ಹೋಗಬಾರದು ಅನ್ನೋದೂ ನ್ಯಾಯವಾದ ಮಾತೇ.

ಆದ್ರೆ ಲೆಕ್ಕ ಏನು ಹೇಳುತ್ತೆ? ಅಮೆರಿಕದ ಕೃಷಿ ಇಲಾಖೆ 2016ರಲ್ಲಿ ಒಂದು ವರದಿ ಹೊರತಂದಿತು. ಸ್ನ್ಯಾಪ್ ಕುಟುಂಬಗಳ ದಿನಸಿ ಖರ್ಚಿನಲ್ಲಿ ಸಿಹಿ ಪಾನೀಯದ ಪಾಲು 100ಕ್ಕೆ 9.3, ನೆರವು ಪಡೆಯದ ಕುಟುಂಬಗಳಲ್ಲಿ 7.1. ವ್ಯತ್ಯಾಸ ಇದೆ, ಇಲ್ಲ ಅನ್ನಲ್ಲ. ಆದ್ರೆ ಆನೆ ಆಡಿನಷ್ಟು ವ್ಯತ್ಯಾಸ ಅಲ್ಲ. ಉಳ್ಳವರೂ ಅದೇ ಕುಡೀತಾರೆ, ಇಲ್ಲದವರೂ ಅದೇ ಕುಡೀತಾರೆ. ಇನ್ನು "ಕುಡಿದು ಹಾಳು ಮಾಡ್ತಾರೆ" ಅನ್ನೋ ಮಾತಿಗೆ, ವಿಶ್ವಬ್ಯಾಂಕಿನ ಇಬ್ಬರು ಸಂಶೋಧಕರು ಬೇರೆ ಬೇರೆ ದೇಶಗಳ 19 ಅಧ್ಯಯನಗಳನ್ನ ಒಟ್ಟಿಗಿಟ್ಟು ನೋಡಿ 2014ರಲ್ಲೇ ಉತ್ತರ ಕೊಟ್ಟಿದ್ದಾರೆ: ನಗದು ನೆರವು ಸಿಕ್ಕ ಮನೆಗಳಲ್ಲಿ ಹೆಂಡ, ತಂಬಾಕಿನ ಖರ್ಚು ಏರಿದ್ದು ಕಾಣಲಿಲ್ಲ.

ನಿರ್ಬಂಧದ ಇನ್ನೊಂದು ಕಷ್ಟ, ಪಟ್ಟಿ ಮಾಡೋದು ಯಾರು? ಅಮೆರಿಕದ ಹಲವು ರಾಜ್ಯಗಳ ತೆರಿಗೆ ಕಾನೂನಿನಲ್ಲಿ ಹಿಟ್ಟು ಬೆರೆತಿದ್ರೆ ಅದು ಕ್ಯಾಂಡಿನೇ ಅಲ್ಲ. ಚಿಪ್ಸ್ ಸ್ನ್ಯಾಪ್ ಕಾರ್ಡಿಗೆ ಸಿಗುತ್ತೆ, ಅಂಗಡಿಯಲ್ಲೇ ಬಿಸಿಬಿಸಿ ಬೇಯಿಸಿಟ್ಟ ಕೋಳಿ ಸಾಮಾನ್ಯವಾಗಿ ಸಿಗಲ್ಲ. ನಮ್ಮಲ್ಲೂ ನೋಡಿ. ಸಕ್ಕರೆ ಕಡಿಮೆ ತಿನ್ನಿ ಅನ್ನೋ ಸರ್ಕಾರವೇ ಅಂತ್ಯೋದಯ ಕಾರ್ಡಿಗೆ ಸಬ್ಸಿಡಿ ಸಕ್ಕರೆ ಕೊಡುತ್ತೆ. 2025ರ ಸೆಪ್ಟೆಂಬರ್ 22ರಿಂದ ಚಾಕೊಲೇಟು, ಬಿಸ್ಕತ್ತಿನ ಜಿಎಸ್‌ಟಿ 18ರಿಂದ 5ಕ್ಕೆ ಇಳಿದಿದೆ.

ನಾವು ಕಾಮರ್ಸ್ ಓದಿದವರು, ಹಾಗಾಗಿ ಇದೂ ಕೇಳಲೇಬೇಕು. 2025ರ ಬಜೆಟ್‌ನಲ್ಲಿ ಹೊಸ ಪದ್ಧತಿಯಡಿ 12 ಲಕ್ಷದವರೆಗಿನ ಆದಾಯಕ್ಕೆ ತೆರಿಗೆ ಇಲ್ಲ ಅಂದ್ರು. ಉಳಿದ ದುಡ್ಡಲ್ಲಿ ಪಿಜ್ಜಾ ತಿನ್ನಬೇಡಿ ಅಂತ ಷರತ್ತು ಹಾಕಿದ್ರಾ? ನಮ್ಮ ಡಿಎ ಏರಿದಾಗ ದಿನಸಿ ಬಿಲ್ ತೋರಿಸಿ ಅಂತ ಯಾರಾದ್ರೂ ಕೇಳಿದ್ರಾ? ಅದೂ ಖಜಾನೆಯ ದುಡ್ಡೇ. ನಿಯಮ ಬೇಕಾದ್ರೆ ಎಲ್ಲರಿಗೂ ಒಂದೇ ಇರಲಿ. ಕೋಲಾ ಮೇಲೆ 40 ಪರ್ಸೆಂಟ್ ತೆರಿಗೆ ಇದೆ, ಯಾರು ಕೊಂಡ್ರೂ ಕಟ್ಟಬೇಕು. ಶಾಲೆಯಿಂದ 50 ಮೀಟರ್ ಒಳಗೆ ಅತಿ ಕೊಬ್ಬು, ಉಪ್ಪು, ಸಕ್ಕರೆಯ ತಿನಿಸು ಮಾರಬಾರದು ಅಂತ 2020ರ ಆಹಾರ ಸುರಕ್ಷತಾ ನಿಯಮ ಇದೆ. ಇವಕ್ಕೆ ನಮ್ಮ ತಕರಾರಿಲ್ಲ. ಕಾರ್ಡು ಹಿಡಿದವರನ್ನ ಮಾತ್ರ ನಿಲ್ಲಿಸಿ ಚೀಲ ಬಿಚ್ಚಿಸೋದು ಬೇರೆ ಮಾತು.

ಹಾಗಾದ್ರೆ ಒಳ್ಳೇದು ತಿನ್ನೋ ಹಾಗೆ ಮಾಡೋದು ಹೇಗೆ? ಅದೇ ಅಮೆರಿಕದ ಮ್ಯಾಸಚುಸೆಟ್ಸ್‌ನ ಹ್ಯಾಂಪ್ಡನ್ ಕೌಂಟಿಯಲ್ಲಿ 2011-12ರಲ್ಲಿ ಒಂದು ಪ್ರಯೋಗ ನಡೆಯಿತು. ಹಣ್ಣು ತರಕಾರಿಗೆ 1 ಡಾಲರ್ ಖರ್ಚು ಮಾಡಿದ್ರೆ 30 ಸೆಂಟ್ ಕಾರ್ಡಿಗೆ ವಾಪಸ್. ಅವರು ತಿನ್ನೋ ಹಣ್ಣು ತರಕಾರಿ, ಈ ಸೌಲಭ್ಯ ಸಿಗದವರಿಗಿಂತ ಸುಮಾರು 26 ಪರ್ಸೆಂಟ್ ಜಾಸ್ತಿ ಆಯ್ತು. ಯಾರಿಗೂ ಯಾವುದನ್ನೂ ನಿಷೇಧಿಸಲಿಲ್ಲ. ಒಳ್ಳೇದು ಕೈಗೆಟುಕಿತು, ಜನ ತಿಂದ್ರು.

ಈಗ ನಮ್ಮ ಮನೆ ಬಾಗಿಲಿಗೆ ಬರೋಣ. ಅಮೆರಿಕದವರಿಗೆ ನಾಲ್ಕೈದು ಪದಾರ್ಥ ಬೇಡ ಅಂದಿದ್ದಕ್ಕೇ ಇಷ್ಟು ಗಲಾಟೆ. ನಮ್ಮ ರೇಷನ್ ಅಂಗಡಿಯಲ್ಲಿ ಆಯ್ಕೆ ಅನ್ನೋದೇ ಇಲ್ಲ. ಜತ್ತ, ಅಕ್ಕಲಕೋಟೆಯವರು ಜೋಳದ ರೊಟ್ಟಿ ತಿಂದು ಬೆಳೆದವರು. ಹೊಸೂರು, ತಾಳವಾಡಿಯವರಿಗೆ ಮುದ್ದೆ ಇಳಿಯದಿದ್ರೆ ಊಟ ಆದ ಹಾಗಿಲ್ಲ. ಕೊಡೋದು ಮಾತ್ರ ಹೆಚ್ಚಾಗಿ ಅಕ್ಕಿ, ಇಲ್ಲವೇ ಗೋಧಿ. ರೇಷನ್ ಅಕ್ಕಿ ಮಾರೋದು ತಪ್ಪು, ಕಾನೂನು ಹಾಗೇ ಹೇಳುತ್ತೆ. ಆದ್ರೆ ಅದನ್ನ ಮಾರಿ ರಾಗಿ ಕೊಳ್ಳುವ ಅಜ್ಜಿಯನ್ನ ಬೈಯೋ ಮೊದಲು, ಅವಳಿಗೆ ರಾಗಿಯನ್ನೇ ಯಾಕೆ ಕೊಡಲಿಲ್ಲ ಅಂತ ಕೇಳಬೇಕಲ್ವಾ? ಮೊದಲು ಅಕ್ಕಿ ಕೊಟ್ಟು ಮುದ್ದೆ ಬಿಡಿಸ್ತೀವಿ, ಆಮೇಲೆ ಸಿರಿಧಾನ್ಯ ತಿನ್ನಿ ಅಂತ ಭಾಷಣ ಮಾಡ್ತೀವಿ.

ಕೊಡೋಕೆ ಆಗಲ್ಲ ಅಂತೇನಿಲ್ಲ. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆಯಲ್ಲೇ ಅಕ್ಕಿ, ಗೋಧಿ ಜೊತೆ ಜೋಳ ರಾಗಿಯಂಥ ಒರಟು ಧಾನ್ಯವೂ ಇದೆ. ಕರ್ನಾಟಕ ತೆಂಕಣ ಜಿಲ್ಲೆಗಳಲ್ಲಿ ರಾಗಿ, ಬಡಗಣ ಜಿಲ್ಲೆಗಳಲ್ಲಿ ಜೋಳ ಕೊಡುತ್ತೆ. ತಮಿಳುನಾಡು 2023ರ ಮೇ ತಿಂಗಳಲ್ಲಿ ನೀಲಗಿರಿ ಮತ್ತು ಧರ್ಮಪುರಿಯಲ್ಲಿ ಅಕ್ಕಿ ಬದಲು 2 ಕೆಜಿ ರಾಗಿ ಕೊಡೋಕೆ ಶುರು ಮಾಡಿತು. ನೀಲಗಿರಿಯಲ್ಲಿ ಆಗಿದ್ದು ಗಡಿಯ ಉಳಿದ ತಾಲೂಕುಗಳಲ್ಲಿ ಯಾಕೆ ಆಗಬಾರದು?

ತಮ್ಮಂದಿರೇ, ತಂಗಿಯರೇ, ಇಲ್ಲಿ ನಿಮ್ಮ ಕೆಲಸ ಇದೆ. ಅದೇ ಕಾಯ್ದೆಯ 28ನೇ ಕಲಂ ರೇಷನ್ ಅಂಗಡಿಯ ಸಾಮಾಜಿಕ ಲೆಕ್ಕಪರಿಶೋಧನೆಗೆ, 29ನೇ ಕಲಂ ಜಾಗೃತ ಸಮಿತಿಗೆ ದಾರಿ ಕೊಟ್ಟಿದೆ. ಜಿಲ್ಲೆಗೊಬ್ಬ ಕುಂದುಕೊರತೆ ಅಧಿಕಾರಿ, ರಾಜ್ಯಕ್ಕೊಂದು ಆಹಾರ ಆಯೋಗ ಇರಬೇಕು ಅಂತಲೂ ಬರೆದಿದೆ. ಮುಂದಿನ ಗ್ರಾಮಸಭೆಗೆ ಹೋಗಿ. ನಿಮ್ಮ ಓಣಿಯಲ್ಲಿ ಎಷ್ಟು ಮನೆಗೆ ಜೋಳ ಬೇಕು, ಎಷ್ಟು ಮನೆಗೆ ರಾಗಿ ಬೇಕು, ಬೇಳೆ ಬೇಕು ಅಂತ ಕಾರ್ಡು ನಂಬರ್ ಸಮೇತ ಪಟ್ಟಿ ಮಾಡಿ ಕೊಡಿ, ಸ್ವೀಕೃತಿ ತಗೊಳ್ಳಿ. ಹಾಗೆ ಕೊಟ್ಟ ಊರಿನ ಹೆಸರು ಕಮೆಂಟಲ್ಲಿ ಹಾಕಿ, ಪಕ್ಕದ ಊರಿನವರಿಗೂ ಧೈರ್ಯ ಬರುತ್ತೆ.