ಫಿಲ್ಲರ್ ಚುಚ್ಚಿಸಿಕೊಳ್ಳುವ ಮುನ್ನ ಕೇಳಲೇಬೇಕಾದ ಪ್ರಶ್ನೆ



ತುಟಿ ತುಂಬಿಕೊಳ್ಳಲಿ, ಕಣ್ಣಿನ ಕೆಳಗಿನ ಗುಳಿ ಮುಚ್ಚಲಿ, ಮೂಗು ನೇರವಾಗಿ ಕಾಣಲಿ ಎಂದು ಮುಖಕ್ಕೆ ಫಿಲ್ಲರ್ ಹಾಕಿಸಿಕೊಳ್ಳುವುದು ಈಗ ಸಿನಿಮಾದವರಿಗಷ್ಟೇ ಸೀಮಿತವಾಗಿ ಉಳಿದಿಲ್ಲ. ಕೆಲವು ಬ್ಯೂಟಿ ಪಾರ್ಲರ್‌ಗಳ ದರಪಟ್ಟಿಯಲ್ಲಿ ಫೇಶಿಯಲ್, ಥ್ರೆಡಿಂಗ್ ಜೊತೆಗೆ ಅದೂ ಸೇರಿಕೊಂಡಿದೆ. ನಮ್ಮ ತಕರಾರು ಇರುವುದು ಇಲ್ಲೇ. ಚೆಂದ ಕಾಣಬೇಕೆಂಬ ಆಸೆಯನ್ನು ಹೀಗಳೆಯಲು ನಾವು ಈ ಕರಪತ್ರ ಹೊರಡಿಸಿಲ್ಲ. ಫಿಲ್ಲರ್ ಒಂದು ವೈದ್ಯಕೀಯ ಚಿಕಿತ್ಸೆ; ಅನಾಹುತವಾದರೆ ಅಲ್ಲೇ, ಆಗಲೇ ಅದನ್ನು ಗುರುತಿಸಿ ಸರಿಪಡಿಸಬಲ್ಲ ವೈದ್ಯರ ಕೈಯಲ್ಲಿ ಮಾತ್ರ ಅದು ನಡೆಯಬೇಕು ಎಂಬುದೇ ನಮ್ಮ ವಾದ.

ಫಿಲ್ಲರ್ ಎಂದರೆ ಚರ್ಮದಡಿಗೆ ಚುಚ್ಚಿ ತುಂಬುವ ವಸ್ತು. ಹೆಚ್ಚು ಬಳಕೆಯಲ್ಲಿರುವುದು ಹಯಲುರಾನಿಕ್ ಆಮ್ಲದ ಜೆಲ್. ಈ ಆಮ್ಲ ನಮ್ಮ ಚರ್ಮದಲ್ಲೂ ಇದೆ ನಿಜ. ಆದರೆ ಸಿರಿಂಜಿನಲ್ಲಿರುವುದನ್ನು ಬೇಗ ಕರಗದಂತೆ ರಾಸಾಯನಿಕವಾಗಿ ಬೆಸೆದಿರುತ್ತಾರೆ. ಅದಕ್ಕೇ ಅದು ಸಾಮಾನ್ಯವಾಗಿ ಆರು ತಿಂಗಳಿಂದ ಒಂದೂವರೆ ವರ್ಷ ಉಳಿಯುತ್ತದೆ. ಚುಚ್ಚಿದ ಜಾಗ ಕೆಂಪಾಗುವುದು, ಊದುವುದು, ರಕ್ತ ಕಟ್ಟಿ ನೀಲಿಯಾಗುವುದು ಮಾಮೂಲು. ಕೆಲವು ದಿನಗಳಲ್ಲಿ ಇಳಿಯುತ್ತದೆ. ತುಟಿಯ ಮೇಲೆ ಹಿಂದೆ ಹರ್ಪಿಸ್ ಗುಳ್ಳೆ ಬಂದವರಿಗೆ ಅದು ಮರುಕಳಿಸಬಹುದು. ಶುಚಿತ್ವ ತಪ್ಪಿದರೆ ಸೋಂಕಾಗಿ ಕೀವು ತುಂಬುತ್ತದೆ. ತಿಂಗಳುಗಳು ಕಳೆದ ಮೇಲೆ ಗಂಟುಗಳು ಏಳುವುದೂ ಉಂಟು. 2020ರಲ್ಲಿ ಮಾಡರ್ನಾ ಕೋವಿಡ್ ಲಸಿಕೆಯ ಪ್ರಯೋಗದ ವೇಳೆ, ಹಿಂದೆ ಫಿಲ್ಲರ್ ಹಾಕಿಸಿಕೊಂಡಿದ್ದ ಕೆಲವರ ಮುಖ ಊದಿಕೊಂಡಿತು. ಲಸಿಕೆಗೆ ಹೆದರಲು ಅದು ಕಾರಣವಲ್ಲ. ಒಳಗೆ ಸೇರಿದ ಜೆಲ್ಲನ್ನು ದೇಹ ಎಷ್ಟೋ ಕಾಲದ ಮೇಲೂ ಹೊರಗಿನದೆಂದು ಕಂಡು ಕೆರಳಬಲ್ಲದು ಎಂಬುದಕ್ಕೆ ಮಾತ್ರ ಅದು ಸಾಕ್ಷಿ.

ಇವೆಲ್ಲಕ್ಕಿಂತ ದೊಡ್ಡ ಅಪಾಯ ರಕ್ತನಾಳ ಕಟ್ಟಿಕೊಳ್ಳುವುದು. ಮುಖದ ತುಂಬ ಸಣ್ಣ ಅಪಧಮನಿಗಳಿವೆ; ಅವು ಹಾಯುವ ದಾರಿ ಎಲ್ಲರಲ್ಲೂ ಒಂದೇ ಅಲ್ಲ. ಸೂಜಿಯ ತುದಿ ಅಂಥದೊಂದರೊಳಗೆ ಹೊಕ್ಕು ಜೆಲ್ ಸೇರಿದರೆ ಮುಂದಿನ ಚರ್ಮಕ್ಕೆ ರಕ್ತ ನಿಲ್ಲುತ್ತದೆ. ಆ ಜಾಗ ಬಿಳಿಚಿಕೊಳ್ಳುತ್ತದೆ. ಬೆರಳಿನಿಂದ ಒತ್ತಿ ಬಿಟ್ಟರೆ ಸಾಮಾನ್ಯವಾಗಿ ಒಂದೆರಡು ಸೆಕೆಂಡಿನಲ್ಲಿ ಮರಳಬೇಕಾದ ಬಣ್ಣ ತಡವಾಗಿ ಮರಳುತ್ತದೆ. ಸ್ವಲ್ಪ ಹೊತ್ತಿಗೆ ನೇರಳೆ ಗೆರೆಗಳು ಬಲೆಯ ಹಾಗೆ ಮೂಡುತ್ತವೆ. ಎರಡು ಮೂರು ದಿನಕ್ಕೆ ಗುಳ್ಳೆ ಏಳುತ್ತವೆ. ಆಮೇಲೆ ಚರ್ಮ ಕಪ್ಪಾಗಿ ಸಾಯುತ್ತದೆ. ನಮ್ಮಂಥ ಕಂದು ಮೈಬಣ್ಣದವರಲ್ಲಿ ಮೊದಲಿನ ಆ ಬಿಳಿಚು ಎದ್ದು ಕಾಣುವುದೂ ಇಲ್ಲ. ತರಬೇತಿಯಿಲ್ಲದವರು ಮಾಮೂಲಿ ಊತವೆಂದುಕೊಂಡು ಐಸ್ ಇಟ್ಟು ಮನೆಗೆ ಕಳಿಸಿದರೆ, ತಣ್ಣಗಾದ ನಾಳ ಮತ್ತಷ್ಟು ಕುಗ್ಗುತ್ತದೆ.

ಹುಬ್ಬುಗಳ ನಡುವಿನ ಜಾಗ, ಮೂಗು ಮತ್ತು ಹಣೆಯ ನಾಳಗಳು ಕಣ್ಣಿಗೆ ರಕ್ತ ಒಯ್ಯುವ ನಾಳದೊಂದಿಗೆ ಕೂಡಿಕೊಂಡಿವೆ. ಒತ್ತಡದಿಂದ ಒಳಹೊಕ್ಕ ಜೆಲ್ ಹಿಮ್ಮುಖವಾಗಿ ಸಾಗಿ ಅಕ್ಷಿಪಟಲವನ್ನೇ ರಕ್ತವಿಲ್ಲದಂತೆ ಮಾಡಬಹುದು. ವೈದ್ಯಕೀಯ ಪತ್ರಿಕೆಗಳಲ್ಲಿ ವರದಿಯಾದ ಇಂಥ ದೃಷ್ಟಿಹಾನಿಯ 98 ಪ್ರಕರಣಗಳನ್ನು 2015ರ ಒಂದು ಸಮೀಕ್ಷೆ ಕಲೆಹಾಕಿತ್ತು. 2019ರಲ್ಲಿ ಇನ್ನೂ 48 ಸೇರಿದವು. ಮೊದಲ ಪಟ್ಟಿಯಲ್ಲಿ ಸುಮಾರು ಅರ್ಧದಷ್ಟು ಮಂದಿ ತಮ್ಮದೇ ದೇಹದ ಕೊಬ್ಬನ್ನು ಫಿಲ್ಲರ್ ಆಗಿ ಚುಚ್ಚಿಸಿಕೊಂಡವರು. ಎರಡನೆಯ ಪಟ್ಟಿಯಲ್ಲಿ ಹತ್ತಕ್ಕೆ ಎಂಟು ಪ್ರಕರಣಗಳಿಗೆ ಕಾರಣವಾದದ್ದು, ಸುರಕ್ಷಿತವೆಂದು ಹೆಸರಾದ ಹಯಲುರಾನಿಕ್ ಆಮ್ಲ.

ಲಕ್ಷಾಂತರ ಜನ ಮಾಡಿಸಿಕೊಳ್ಳುತ್ತಾರೆ, ಅಪರೂಪಕ್ಕೆ ಒಬ್ಬರಿಗೆ ಆಗುವುದನ್ನು ಇಷ್ಟು ದೊಡ್ಡದು ಮಾಡಬೇಕೆ ಎಂದು ಕೇಳುವವರಿದ್ದಾರೆ. ಅಪರೂಪ ಎಂಬುದನ್ನು ನಾವು ಒಪ್ಪುತ್ತೇವೆ. 370 ಚರ್ಮರೋಗ ತಜ್ಞರು ಚುಚ್ಚಿದ 17 ಲಕ್ಷ ಸಿರಿಂಜುಗಳ ಲೆಕ್ಕವೊಂದು 2021ರಲ್ಲಿ ಅಮೆರಿಕದಲ್ಲಿ ಪ್ರಕಟವಾಯಿತು. ಸೂಜಿ ಬಳಸಿದಾಗ 6,410 ಸಿರಿಂಜಿಗೆ ಒಮ್ಮೆ, ಮೊಂಡು ತುದಿಯ ಕ್ಯಾನುಲಾ ಬಳಸಿದಾಗ 40,882ಕ್ಕೆ ಒಮ್ಮೆ ನಾಳ ಕಟ್ಟಿಕೊಂಡಿತ್ತು. ಈ ಅಂಕಿಗಳು ಯಾರವು ಎಂಬುದನ್ನು ಗಮನಿಸಿ. ಮುಖದ ಅಂಗರಚನೆಯನ್ನು ವರ್ಷಗಟ್ಟಲೆ ಓದಿದ ತಜ್ಞರ ಕೈಯಲ್ಲೂ ಇದು ನಡೆಯಿತು. ಆದರೆ ತಕ್ಷಣ ಚಿಕಿತ್ಸೆ ಸಿಕ್ಕಿದ್ದರಿಂದ ಬಹುಪಾಲು ಮಂದಿ ಶಾಶ್ವತ ಹಾನಿಯಿಲ್ಲದೆ ಪಾರಾದರು. ತಜ್ಞರು ಗಳಿಸಿದ ಈ ಸುರಕ್ಷತೆಯನ್ನು ತೋರಿಸಿ, ತಜ್ಞರಲ್ಲದವರ ಕೈಗೆ ಸಿರಿಂಜ್ ಕೊಡುವುದು ನ್ಯಾಯವಲ್ಲ.

ತೊಂದರೆಯಾದರೆ ಕರಗಿಸಿಬಿಡಬಹುದಲ್ಲ ಎಂಬ ಮಾತೂ ಇದೆ. ಹಯಲುರಾನಿಡೇಸ್ ಎಂಬ ಔಷಧ ಆ ಜೆಲ್ಲನ್ನು ಕರಗಿಸುತ್ತದೆ, ಸರಿ. ಆದರೆ ಅದು ಚುಚ್ಚುವವರ ಪಕ್ಕದಲ್ಲೇ ಇರಬೇಕು; ರಕ್ತ ಮತ್ತೆ ಹರಿಯುವವರೆಗೆ ಮರಳಿ ಮರಳಿ ಕೊಡಬೇಕಾಗುತ್ತದೆ; ಅದಕ್ಕೇ ಅಲರ್ಜಿಯಾದರೆ ನಿಭಾಯಿಸಲೂ ಗೊತ್ತಿರಬೇಕು. ಕ್ಯಾಲ್ಸಿಯಂ ಹೈಡ್ರಾಕ್ಸಿಲಪಟೈಟ್, ಪಾಲಿಲ್ಯಾಕ್ಟಿಕ್ ಆಮ್ಲ, ಸಿಲಿಕೋನ್ ಮೊದಲಾದ ಇತರ ಫಿಲ್ಲರ್‌ಗಳನ್ನು ಅದು ಕರಗಿಸುವುದೇ ಇಲ್ಲ. ಅಕ್ಷಿಪಟಲವಂತೂ ರಕ್ತವಿಲ್ಲದೆ ಒಂದೂವರೆ ಗಂಟೆಗಿಂತ ಹೆಚ್ಚು ತಾಳುವುದು ಕಷ್ಟ. ನಾಳೆ ಬನ್ನಿ, ನೋಡೋಣ ಎನ್ನುವ ಜಾಗದಲ್ಲಿ ಆ ಗಂಟೆಯೇ ಕೈತಪ್ಪುತ್ತದೆ.

ವೈದ್ಯರ ಬಳಿ ದುಬಾರಿ, ಪಾರ್ಲರಿನವರೂ ಕೋರ್ಸ್ ಮಾಡಿ ಸರ್ಟಿಫಿಕೇಟ್ ಪಡೆದಿದ್ದಾರೆ ಎಂಬುದು ಮೂರನೆಯ ಮಾತು. ಜೆಲ್ ಚುಚ್ಚುವ ಕೈಚಳಕವನ್ನು ಕೆಲವು ದಿನಗಳಲ್ಲಿ ಕಲಿಸಬಹುದು. ಅನಾಹುತವನ್ನು ಗುರುತಿಸಿ ಔಷಧ ಕೊಡುವ ವಿದ್ಯೆಯನ್ನು, ಅದಕ್ಕೆ ಬೇಕಾದ ಕಾನೂನಿನ ಅಧಿಕಾರವನ್ನು ಆ ಸರ್ಟಿಫಿಕೇಟ್ ಕೊಡುವುದಿಲ್ಲ. ನಮ್ಮ ದೇಶದ ಚರ್ಮರೋಗ ತಜ್ಞರ ಸಂಘ 2008ರಲ್ಲೇ ಫಿಲ್ಲರ್ ಕುರಿತು ಮಾರ್ಗಸೂಚಿ ಪ್ರಕಟಿಸಿ, ಚರ್ಮರೋಗ ತಜ್ಞರಿಗೂ ಇದಕ್ಕೆ ಪ್ರತ್ಯೇಕ ತರಬೇತಿ ಬೇಕು ಎಂದಿತ್ತು. ಬ್ರಿಟನ್ನಿನಲ್ಲಿ 2013ರ ಕಿಯೋ ಸಮಿತಿ, ಇಂಥ ಚಿಕಿತ್ಸೆ ಪಡೆಯುವವರಿಗೆ ಪೆನ್ನು, ಟೂತ್‌ಬ್ರಷ್ ಕೊಳ್ಳುವ ಗ್ರಾಹಕರಿಗಿಂತ ಹೆಚ್ಚಿನ ರಕ್ಷಣೆಯಿಲ್ಲ ಎಂದು ಎಚ್ಚರಿಸಿತ್ತು. ಸೌಂದರ್ಯಕ್ಕಾಗಿ 18 ತುಂಬದವರಿಗೆ ಫಿಲ್ಲರ್ ಹಾಕುವುದನ್ನು ಇಂಗ್ಲೆಂಡ್ 2021ರಲ್ಲಿ ನಿಷೇಧಿಸಿತು. ಸೂಜಿಯಿಲ್ಲದೆ ಒತ್ತಡದಿಂದ ಜೆಲ್ ನುಗ್ಗಿಸುವ 'ಹಯಲುರಾನ್ ಪೆನ್' ಬಳಸಬೇಡಿ ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಅದೇ ವರ್ಷ ಎಚ್ಚರಿಕೆ ಕೊಟ್ಟಿತು. ಇನ್ನು, ನನ್ನ ಮುಖ ನನ್ನ ಇಷ್ಟ ಎನ್ನುವವರ ಹಕ್ಕನ್ನು ನಾವು ಗೌರವಿಸುತ್ತೇವೆ. ಆದರೆ ಅಪಾಯವನ್ನು ಮುಚ್ಚಿಟ್ಟು ಪಡೆದ ಒಪ್ಪಿಗೆ ಒಪ್ಪಿಗೆಯೇ ಅಲ್ಲ.

ಆದ್ದರಿಂದ ಕುರ್ಚಿಯಲ್ಲಿ ಕೂರುವ ಮೊದಲೇ ಕೇಳಿ: ನಾಳ ಕಟ್ಟಿಕೊಂಡರೆ ನೀವು ಇಲ್ಲಿ, ಈಗಲೇ ಏನು ಮಾಡುತ್ತೀರಿ? ಹಯಲುರಾನಿಡೇಸ್ ಎಲ್ಲಿದೆ, ತೋರಿಸಿ. ವೈದ್ಯರ ನೋಂದಣಿ ಸಂಖ್ಯೆ, ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ಕ್ಲಿನಿಕ್ಕಿಗೆ ಸಿಕ್ಕ ನೋಂದಣಿ, ಫಿಲ್ಲರಿನ ಹೆಸರು ಮತ್ತು ಬ್ಯಾಚ್ ಸಂಖ್ಯೆ ಕೇಳಿ ಬರೆದಿಟ್ಟುಕೊಳ್ಳಿ. ಉತ್ತರ ತಡವರಿಸಿದರೆ ಎದ್ದು ಬನ್ನಿ. ಚುಚ್ಚಿದ ಮೇಲೆ ವಿಪರೀತ ನೋವು, ಬಣ್ಣ ಬದಲಾವಣೆ, ಕಣ್ಣು ಮಂಜಾಗುವುದು ಕಂಡರೆ ಕ್ಷಣವೂ ಕಾಯದೆ ದೊಡ್ಡ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ. ಪಾರ್ಲರ್‌ಗಳಲ್ಲಿ ನಡೆಯುವ ಇಂಜೆಕ್ಷನ್‌ಗಳನ್ನು ಜಿಲ್ಲಾ ಆರೋಗ್ಯಾಧಿಕಾರಿಗಳು ತಪಾಸಣೆ ಮಾಡಿ ನಿಲ್ಲಿಸಬೇಕು, ಅನಾಹುತಗಳ ವರದಿಯನ್ನು ಸರ್ಕಾರ ಕಡ್ಡಾಯಗೊಳಿಸಬೇಕು ಎಂಬುದು ನಮ್ಮ ಆಗ್ರಹ. ಈ ಬೇಡಿಕೆಗೆ ನಿಮ್ಮ ದನಿಯನ್ನೂ ಸೇರಿಸಿ.

ಸಾರ್ವಜನಿಕ ಹಿತದೃಷ್ಟಿಯಿಂದ ಪ್ರಕಟಿಸಲಾಗಿದೆ. ಓದಿದ ಮೇಲೆ ಇನ್ನೊಬ್ಬರಿಗೆ ಕೊಡಿ.